ಲಾಭ, ದೋಸ್, ತ್ರೇಸ್

"ಲಾಭ, ದೋಸ್, ತ್ರೇಸ್," ಅಂದ ಶ್ರೀಮಂತ.

ಕಂಪನಿ ಬಸ್ಸು ಯಾದಗಿರಿ ಸ್ಟೇಶನ್ ರಸ್ತೆ ಬಿಟ್ಟು ಕಡೇಚೂರಿನ ಕಡೆ ಹೊರಳಿತ್ತು. ಇಯರ್‌ಫೋನಿನ ಒಂದು ತುದಿ ಅವನ ಕಿವಿಯಲ್ಲಿತ್ತು, ಇನ್ನೊಂದು ನನ್ನ ಕಿವಿಯಲ್ಲಿ. ಮೊಬೈಲಿನೊಳಗಿನ ಹೆಂಗಸು ಸ್ಪ್ಯಾನಿಷ್‌ನಲ್ಲಿ ಮೂರರವರೆಗೆ ಎಣಿಸಿ, ನಾವೂ ಹೇಳಲಿ ಎಂದು ಸುಮ್ಮನೆ ಕಾಯುತ್ತಿದ್ದಳು.

"ಊನೋ ಅನ್ರಿ," ಅಂದೆ.

"ಊನೋ."

"ಈಗ ಪೂರ್ತಿ ಹೇಳ್ರಿ."

"ಲಾಭ, ದೋ..."

ತಾನೇ ನಿಲ್ಲಿಸಿದ. ನಾಲಿಗೆ ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿದ. ವೈರು ಎಳೆದಂತಾಗಿ ನನ್ನ ತಲೆಯೂ ಸ್ವಲ್ಪ ಅತ್ತ ವಾಲಿತು. ನನಗೆ ನಗು ಬರಲಿಲ್ಲ. ಆ ದಿನಗಳಲ್ಲಿ ನನಗೆ ನಗು ಬರುತ್ತಿರಲಿಲ್ಲ. ಬರುವುದಿದ್ದರೆ ಇಲ್ಲೇ ಬರಬೇಕಿತ್ತು ಎಂದು ಮಾತ್ರ ಅನಿಸಿತು.

ಶಹಾಪುರ, ಸುರಪುರದ ಕಡೆ ಕಾಳು ಅಳೆಯುವವರು ಎಣಿಕೆಯನ್ನು ಒಂದರಿಂದ ಶುರು ಮಾಡುವುದಿಲ್ಲ. ಮೊದಲ ಅಳತೆಗೆ ಲಾಭ ಅನ್ನುತ್ತಾರೆ. ಅದರ ನಂತರದ್ದು ಎರಡು. ಒಂದು ಅಂದರೆ ಅಲ್ಲಿಗೇ ಮುಗಿದೀತು ಎಂಬ ಅಂಜಿಕೆ ಇರಬೇಕು. ಶ್ರೀಮಂತನ ಅಪ್ಪ ಮರಿಲಿಂಗಪ್ಪ ಶಹಾಪುರದ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ದಲಾಲರ ಅಡತ್ ಅಂಗಡಿಗಳ ಮುಂದೆ ಕಾಳು ಅಳೆದು ಚೀಲ ಹೊತ್ತವರು. ಹುಡುಗನಿದ್ದಾಗ ಇವನು ರಾಶಿಯ ಪಕ್ಕ ಕೂತು ಅಪ್ಪನ ಜೊತೆ ಎಣಿಸುತ್ತಿದ್ದ. ಆ ಎಣಿಕೆ ನಾಲಿಗೆಯಲ್ಲಿ ಕೂತುಬಿಟ್ಟಿತ್ತು. ಭಾಷೆ ಯಾವುದಾದರೂ ಮೊದಲ ಅಂಕಿ ಬಂದಾಗ ಅವನ ಬಾಯಿ ಶಹಾಪುರಕ್ಕೆ ಹೋಗಿಬಿಡುತ್ತಿತ್ತು.

ಅದು ನಗೆಚಾಟಿಕೆಯ ಮಾತಾಗಿ ಉಳಿಯುವಂತಿರಲಿಲ್ಲ.

ನಮ್ಮದು ಔಷಧಿಗೆ ಬೇಕಾದ ಪುಡಿ ತಯಾರಿಸುವ ಫ್ಯಾಕ್ಟರಿ. ಸ್ಪೇನಿನಿಂದ ಹೊಸ ಡ್ರೈಯರ್ ಬಂದಿತ್ತು. ಅದನ್ನು ಶುರು ಮಾಡಿಕೊಡಲು ಇನೆಸ್ ಎಂಬ ಎಂಜಿನಿಯರ್ ಬಂದಿದ್ದಳು. ನರೆಗೂದಲಿನ, ಎತ್ತರದ ಹೆಂಗಸು. ಇಂಗ್ಲಿಷ್ ಅಷ್ಟಕ್ಕಷ್ಟೇ, ಗಡಿಬಿಡಿಯಾದರೆ ಅದೂ ಹೋಗುತ್ತಿತ್ತು. ಅದಕ್ಕೆ ವಾಕಿಟಾಕಿಯಲ್ಲಿ ಅಂಕಿಗಳನ್ನು ಸ್ಪ್ಯಾನಿಷ್‌ನಲ್ಲೇ ಹೇಳಬೇಕು ಎಂದು ನಿಯಮ ಮಾಡಿದ್ದಳು.

ಡ್ರೈಯರಿಗೆ ಹಬೆಯ ಮೂರು ಲೈನುಗಳು. ಟ್ರಯಲ್ ದಿನ ಶ್ರೀಮಂತ ಮೇಲಿನ ಅಟ್ಟಣಿಗೆಯಲ್ಲಿ ನಿಂತು ಒಂದೊಂದನ್ನೇ ಕೈಯಿಂದ ಬಿಗಿ ಮಾಡಬೇಕು. ಅವನ ಕೈ ಯಾವ ಲೈನಿನ ಮೇಲಿದೆಯೋ ಆ ಅಂಕಿಯನ್ನು ಹೇಳಬೇಕು. ಅವನು ಹೇಳಿದ ಲೈನು ಬಿಟ್ಟು ಉಳಿದವಕ್ಕೆ ಕೆಳಗಿನ ಪ್ಯಾನೆಲ್‌ನಿಂದ ಹಬೆ ಬಿಡಬೇಕು. ಪ್ಯಾನೆಲ್‌ನಲ್ಲಿ ಇನೆಸ್, ಅವಳ ಪಕ್ಕ ನಾನು. ಅವನು ಹೇಳಿದ್ದನ್ನು ನಾನು ತಿರುಗಿ ಹೇಳಬೇಕು. ಕೆಲಸ ಅಷ್ಟೇ.

ಶ್ರೀಮಂತನದು ಕಾಂಟ್ರಾಕ್ಟ್ ಕೆಲಸ. ಟ್ರಯಲ್ ಸರಿಯಾದರೆ ಪರ್ಮನೆಂಟ್. ಇಲ್ಲವಾದರೆ ಮನೆ. ಆ ನಿರ್ಧಾರ ನಮ್ಮ ಶಿಫ್ಟ್ ಇನ್‌ಚಾರ್ಜ್ ವಿಶ್ವರಾಧ್ಯ ಅವರ ಕೈಯಲ್ಲಿತ್ತು. ಅವರು ನನ್ನ ಗಂಡ ಮಲ್ಲಿನಾಥನ ದೊಡ್ಡಪ್ಪನ ಮಗ. ನನಗೆ ಭಾವ. ಮಲ್ಲಿನಾಥ ಜ್ವರದಲ್ಲಿ ಹೋದ ಮೇಲೆ, ಎಂಎಸ್ಸಿ ಓದಿದವಳು ಮನೆಯಲ್ಲಿ ಗೋಡೆ ನೋಡುತ್ತಾ ಕೂಡಬಾರದು ಎಂದು ಈ ಕೆಲಸಕ್ಕೆ ಹಚ್ಚಿದವರೂ ಅವರೇ. ಬಸ್ಸಿನಲ್ಲಿ ಅವರು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂಡುತ್ತಿದ್ದರು. ಡ್ರೈವರ್ ಫಿರೋಜ್‌ನ ತಲೆಯ ಮೇಲೆ ಒಂದು ದೊಡ್ಡ ಕನ್ನಡಿ ಇತ್ತು. ಅದರಲ್ಲಿ ಬಸ್ಸೆಲ್ಲ ಕಾಣುತ್ತಿತ್ತು.

* * *

ಕ್ಯಾಂಟೀನಿನಲ್ಲಿ ಇನೆಸ್ ನಮಗೆ ಪಾಠ ಮಾಡುತ್ತಿದ್ದಳು. ಎಣಿಸುವಾಗ ಊನೋ. ವಸ್ತುವಿನ ಮುಂದೆ ಬಂದರೆ ಅದೇ ಪದ ಕೆಲವಕ್ಕೆ ಊನ್, ಕೆಲವಕ್ಕೆ ಊನಾ. ಕೆಲವು ವಸ್ತುಗಳು ಗಂಡಂತೆ, ಕೆಲವು ಹೆಣ್ಣಂತೆ.

ಶ್ರೀಮಂತ ಮೇಜಿನ ಮೇಲಿದ್ದುದನ್ನೆಲ್ಲ ತೋರಿಸುತ್ತಾ ಹೋದ. ಊನ್ ಚಹಾ. ಊನಾ ರೊಟ್ಟಿ. ಊನ್ ಮಿರ್ಚಿ. ಮಿರ್ಚಿ ಗಂಡೋ ಹೆಣ್ಣೋ ಎಂದು ಇನೆಸ್‌ಗೂ ಗೊತ್ತಿರಲಿಲ್ಲ. ಅವಳು ಅದನ್ನು ಕಚ್ಚಿ ನೋಡಿ, ಕಣ್ಣಲ್ಲಿ ನೀರು ತುಂಬಿಕೊಂಡು, ಖಂಡಿತ ಹೆಣ್ಣು ಎಂದು ತೀರ್ಪು ಕೊಟ್ಟಳು.

"ಒಂದ ಅಂಕಿಗೆ ಇಷ್ಟು ವೇಷ ಯಾಕ್ರಿ ಮೇಡಂ?" ಅಂದ ನನಗೆ.

ನಮ್ಮಲ್ಲೂ ಇದೆಯಲ್ಲ ಅಂದೆ. ಅವನು ಸ್ವಲ್ಪ ಯೋಚಿಸಿದ.

"ಹೌದ್ರಿ. ಒಬ್ಬಾಂವ," ಎಂದು ತನ್ನ ಎದೆಗೆ ಬೆರಳು ತೋರಿಸಿಕೊಂಡ. "ಒಬ್ಬಾಕಿ," ಅಂದ. ಆಗ ಬೆರಳು ಎತ್ತಲಿಲ್ಲ. ನನ್ನ ಕಡೆ ನೋಡಿದ, ಅಷ್ಟೇ. ನೋಡಿ, ಕಣ್ಣು ಇಳಿಸಿ, ತಟ್ಟೆಯಲ್ಲಿದ್ದ ಉಳ್ಳಾಗಡ್ಡಿಯನ್ನು ಅನ್ನದ ಅಂಚಿಗೆ ಜೋಡಿಸತೊಡಗಿದ.

ನಾನು ನೀರು ಕುಡಿದೆ. ಲೋಟ ಖಾಲಿಯಾದ ಮೇಲೂ ಬಾಯಿಂದ ತೆಗೆಯಲಿಲ್ಲ.

ಮರುದಿನ ಬಸ್ಸಿನಲ್ಲಿ, ಇಯರ್‌ಫೋನ್ ಹಾಕುವ ಮೊದಲು, ನಾನೇ ಹೇಳಿದೆ. ಮದುವೆಯಾಗಿ ಬಂದ ವರ್ಷ ಶಹಾಪುರದಲ್ಲಿ ಮಾವ ಲಿಂಗಣ್ಣನವರ ಅಂಗಡಿಯಲ್ಲಿ ಹೊಸ ತೊಗರಿಯ ಮೊದಲ ಅಳತೆ ನನ್ನ ಕೈಯಿಂದ ಹಾಕಿಸಿದ್ದರು. ಸೊಸೆ ಲಾಭ ಅನ್ನಬೇಕು ಎಂಬುದು ಆ ಮನೆಯ ಪದ್ಧತಿ. ಮಲ್ಲಿನಾಥ ಪಕ್ಕದಲ್ಲಿ ನಿಂತು, ಜೋರಾಗಿ ಅನ್ನು ಎಂದು ಕೀಟಲೆ ಮಾಡುತ್ತಿದ್ದ. ಅವನು ತೀರಿಕೊಂಡ ವರ್ಷದ ಸುಗ್ಗಿಗೆ ಯಾರೂ ನನ್ನನ್ನು ಕರೆಯಲಿಲ್ಲ. ಕರೆಯಬಾರದು ಎಂದೂ ಯಾರೂ ಹೇಳಲಿಲ್ಲ. ನಾನು ಬಾಗಿಲ ಹಿಂದೆ ನಿಂತಿದ್ದೆ. ಆ ಮೇಲೆ ಆ ಪದ ನನ್ನ ಬಾಯಿಗೆ ಬಂದಿಲ್ಲ ಅಂದೆ.

ಅವನು ಕೈಯಲ್ಲಿದ್ದ ಇಯರ್‌ಫೋನನ್ನು ತೊಡೆಯ ಮೇಲಿಟ್ಟ.

"ನಂಗೊತ್ತಿತ್ರಿ," ಅಂದ ಕೊನೆಗೆ.

"ಏನು?"

"ಅವತ್ತು ಅಳತಿ ಹಾಕಿದಾಂವ ನಮ್ಮಪ್ಪನ. ಮನಿಗೆ ಬಂದು ಉಣ್ಣಲಿಲ್ಲ. ಲಿಂಗಣ್ಣ ಸಾಹುಕಾರ್ರ ಮನ್ಯಾಗ ಆ ಹುಡುಗಿ ಬಾಗಲ ಹಿಂದ ನಿಂತಿತ್ತು, ಹೊಸ್ತಲ ಮ್ಯಾಲ ಬರೇ ಕಾಲ್ಬೆರಳು ಕಾಣಾಕತ್ತಿದ್ವು ಅಂದ. ನನಗ ಆಗ ನೀವು ಯಾರಂತ ಗೊತ್ತಿಲ್ಲ. ಆದ್ರ ಆ ಕಾಲ್ಬೆರಳು ಬಾಳ ದಿವಸ ನೆನಪಿದ್ವು."

ನಾನು ಪಾದಗಳನ್ನು ಸೀಟಿನ ಕೆಳಗೆ ಎಳೆದುಕೊಂಡೆ. ಅವನು ಅದನ್ನು ಕಂಡ. ಕಂಡೂ ಕಾಣದವನಂತೆ ಹೊರಗೆ ನೋಡಿದ. ಹೊರಗೆ ಹತ್ತಿ ಹೊಲ. ತುಟಿಯ ಒಂದು ಮೂಲೆಯಲ್ಲಿ ಏನೋ ತಡೆದು ಹಿಡಿದಿದ್ದ. ಅದು ನಗೆಯೋ ಸಂಕಟವೋ ತಿಳಿಯಲಿಲ್ಲ. ತಿಳಿದುಕೊಳ್ಳಬೇಕು ಎಂದು ನನಗೆ ಅನಿಸಿತು. ಬಹಳ ದಿನಗಳ ಮೇಲೆ ಅನಿಸಿದ ಮೊದಲ ಆಸೆ ಅದು. ಅದಕ್ಕೇ ಹೆದರಿದೆ.

ಕನ್ನಡಿಯಲ್ಲಿ ವಿಶ್ವರಾಧ್ಯ ಭಾವ ನಮ್ಮನ್ನು ನೋಡುತ್ತಿದ್ದರು.

* * *

ಅಂದು ಸಂಜೆ ಶಿಫ್ಟ್ ಬಿಟ್ಟಾಗ ಅವರು ಗೇಟಿನ ಹತ್ತಿರ ಕಾದಿದ್ದರು. ದನಿ ಏರಿಸಲಿಲ್ಲ. ಏರಿಸುವ ಪೈಕಿಯವರಲ್ಲ.

"ಉಮಾ, ಬಸ್ಸಿನ್ಯಾಗ ಸೀಟು ಬಾಳ ಇರ್ತಾವ," ಅಂದರು.

ಆಮೇಲೆ ಟ್ರಯಲ್ ಹತ್ತಿರ ಬಂತು, ಮನಸ್ಸು ಕೆಲಸದ ಮೇಲಿರಲಿ ಎಂದರು. ಆ ಹುಡುಗ ಯಾರ ಮಗ, ಅವನ ಮಂದಿ ಸುರಪುರದಲ್ಲಿ ಯಾವ ಓಣಿಯವರು ಎಂಬುದನ್ನು, ನನಗೆ ಗೊತ್ತಿಲ್ಲ ಎಂಬಂತೆ, ನಿಧಾನವಾಗಿ ತಿಳಿಸಿ ಹೇಳಿದರು. ಕಾಂಟ್ರಾಕ್ಟ್ ಮಂದಿಯ ವಿಷಯ ತಮ್ಮ ಕೈಯಲ್ಲೇ ಇದೆ ಎಂಬುದನ್ನೂ ಸೇರಿಸಿದರು. ಎಲ್ಲವನ್ನೂ ನನ್ನ ಒಳ್ಳೆಯದಕ್ಕೆ ಹೇಳಿದಂತೆ ಹೇಳಿದರು. ಬಹುಶಃ ಅವರು ಹಾಗೇ ನಂಬಿದ್ದರು.

ಮರುದಿನ ಶ್ರೀಮಂತ ಬಂದು ಇಯರ್‌ಫೋನಿನ ಗಂಟು ಬಿಡಿಸುತ್ತಾ ಕೂಡಲು ಬಾಗಿದಾಗ, ನಾನು ಸೀಟಿನ ಮೇಲೆ ಬ್ಯಾಗು ಇಟ್ಟೆ.

"ಬ್ಯಾರೆ ಕಡಿ ಕೂಡ್ರಿ."

ಅವನು ಬ್ಯಾಗನ್ನು ನೋಡಿದ. ನನ್ನನ್ನು ನೋಡಿದ. ಕನ್ನಡಿಯನ್ನೂ ನೋಡಿದ.

"ಆತ್ರಿ," ಅಂದು ಹಿಂದೆ ಹೋದ.

ಅವನು ಏನಾದರೂ ಕೇಳಿದ್ದರೆ ಉತ್ತರ ಕೊಟ್ಟು ಮುಗಿಸುತ್ತಿದ್ದೆ. ಕೇಳಲಿಲ್ಲ. ಅವನ ಒಂದು ಕಿವಿಯಲ್ಲಿ ಇಯರ್‌ಫೋನ್, ಇನ್ನೊಂದು ತುದಿ ಅಂಗಿಯ ಮೇಲೆ ಜೋತಾಡುತ್ತಿತ್ತು. ಹಿಂದಿನಿಂದ ಮೆಲ್ಲಗೆ ಅವನ ಎಣಿಕೆ ಕೇಳುತ್ತಿತ್ತು. ಸರಿಯಾಗಿ ಹೇಳಿದನೋ ಇಲ್ಲವೋ, ಎಂಜಿನ್ ಸದ್ದಿನಲ್ಲಿ ತಿಳಿಯುತ್ತಿರಲಿಲ್ಲ. ತಿದ್ದುವವರು ಯಾರೂ ಇರಲಿಲ್ಲ.

ಟ್ರಯಲ್‌ವರೆಗೂ ಹಾಗೇ ನಡೆಯಿತು.

* * *

ಟ್ರಯಲ್ ದಿನ ಡ್ರೈಯರ್ ಹಾಲಿನಲ್ಲಿ ಮಾತು ಕೇಳಿಸದಷ್ಟು ಸದ್ದು. ಶ್ರೀಮಂತ ಹೆಲ್ಮೆಟ್ಟು, ದಪ್ಪ ಕೈಗವಸು ಹಾಕಿಕೊಂಡು ಕಬ್ಬಿಣದ ಮೆಟ್ಟಿಲು ಹತ್ತಿದ. ಹತ್ತುವಾಗ ಒಮ್ಮೆ ಪ್ಯಾನೆಲ್ ಕಡೆ ನೋಡಿದ. ನಾನು ಮೀಟರ್ ನೋಡುತ್ತಿದ್ದೆ. ನೋಡುತ್ತಿದ್ದವಳಂತೆ ಇದ್ದೆ.

ಇನೆಸ್ ಮೊದಲ ಲೈನಿನ ಸ್ವಿಚ್ಚಿನ ಮೇಲೆ ಒಂದು ಕೈ, ಎರಡನೆಯದರ ಮೇಲೆ ಇನ್ನೊಂದು ಕೈ ಇಟ್ಟು ನಿಂತಳು. ಭಾವ ಅವಳ ಹಿಂದೆ, ಫೋನಿನಲ್ಲಿ ಮ್ಯಾನೇಜರ್ ಜೊತೆ. ವಾಕಿಟಾಕಿ ನನ್ನ ಕೈಯಲ್ಲಿ.

ಮೇಲೆ ಏನೋ ಗಟ್ಟಿಯಾಗಿ ಬಡಿದ ಸದ್ದು. ಬೋಲ್ಟು ಸಿಕ್ಕಿಕೊಂಡಿತ್ತಂತೆ, ಆಮೇಲೆ ತಿಳಿಯಿತು. ಅವನು ಏದುಸಿರು ಬಿಡುವುದು ವಾಕಿಟಾಕಿಯಲ್ಲಿ ಕೇಳಿಸಿತು. ಆಮೇಲೆ ಅವನ ದನಿ.

"ಲಾಭ."

ಇನೆಸ್ ನನ್ನ ಮುಖ ನೋಡಿದಳು. ಅವಳಿಗೆ ಅದು ಅಂಕಿಯಲ್ಲ. ಅಂಕಿ ಬಂದಿಲ್ಲವೆಂದರೆ ಅವನಿನ್ನೂ ಯಾವ ಲೈನಿಗೂ ಕೈ ಹಚ್ಚಿಲ್ಲ, ಯಾವುದಕ್ಕೆ ಬೇಕಾದರೂ ಹಬೆ ಬಿಡಬಹುದು. ಏನಂದ ಎಂದು ಭಾವನನ್ನು ಕೇಳಿದಳು. ಭಾವ ಫೋನಿನಿಂದ ಕಿವಿ ತೆಗೆಯದೆ, ಏನೂ ಇಲ್ಲ, ಮುಂದುವರಿಸಿ ಎಂದು ಕೈ ಆಡಿಸಿದರು. ಇನೆಸ್‌ಳ ಬೆರಳು ಮೊದಲ ಸ್ವಿಚ್ಚಿನ ಮುಚ್ಚಳ ಎತ್ತಿತು.

ನನಗೆ ತಿಳಿದಿತ್ತು. ಅವನ ಎರಡೂ ಕೈ ಎಲ್ಲಿವೆ ಎಂದು ಆ ಹಾಲಿನಲ್ಲಿ ನನಗೊಬ್ಬಳಿಗೇ ತಿಳಿದಿತ್ತು. ಆದರೂ ಬಾಯಿ ಬರಲಿಲ್ಲ. ಆಸ್ಪತ್ರೆಯಲ್ಲಿ ಮಲ್ಲಿನಾಥನ ಮಂಚದ ಪಕ್ಕ ಹೀಗೇ ನಿಂತಿದ್ದೆ. ಏನೋ ಆಗುತ್ತಿದೆ, ನಾನು ನೋಡುತ್ತಿದ್ದೇನೆ, ನನ್ನ ಮೈ ನನ್ನದಲ್ಲ.

ಮುಚ್ಚಳ ಪೂರ್ತಿ ಮೇಲೆ ಬಂತು.

"ಊನೋ," ಅಂದೆ.

ಸದ್ದಿನಲ್ಲಿ ನನಗೇ ಕೇಳಿಸಲಿಲ್ಲ. ಇನೆಸ್‌ಳ ಮಣಿಕಟ್ಟು ಹಿಡಿದೆ. ಹಿಡಿದದ್ದು ಎಷ್ಟು ಬಿಗಿಯಾಗಿತ್ತೆಂದರೆ ಅವಳು ನೋವಿನಿಂದ ಕೈ ಕಿತ್ತುಕೊಂಡಳು.

"ಊನೋ. ಊನೋ. ಅಂವ ಊನೋದಾಗ ಅದಾನ."

ಕನ್ನಡವೋ ಸ್ಪ್ಯಾನಿಷ್ಷೋ, ಅವಳಿಗೆ ತಿಳಿಯಿತು. ಮುಚ್ಚಳ ಹಾಕಿದಳು. ಅವಳ ಮುಖ ಸುಣ್ಣದಂತಾಗಿತ್ತು. ನಾನು ವಾಕಿಟಾಕಿಯನ್ನು ಬಾಯಿಗೆ ಹಿಡಿದು ಇನ್ನೊಮ್ಮೆ ಊನೋ ಅಂದೆ. ಮೇಲಿನಿಂದ ಸ್ವಲ್ಪ ಹೊತ್ತು ಬರೀ ಉಸಿರು ಬಂತು. ಅವನಿಗೂ ತಿಳಿದಿರಬೇಕು.

"ಊನೋ," ಅಂದ ಅವನು. ಸಣ್ಣ ಹುಡುಗನ ದನಿಯಲ್ಲಿ.

ಇನೆಸ್ ಟ್ರಯಲ್ ಅಲ್ಲಿಗೇ ನಿಲ್ಲಿಸಿದಳು.

* * *

ಮ್ಯಾನೇಜರ್ ರೂಮಿನಲ್ಲಿ ಇನೆಸ್ ತನ್ನ ಮಾತು ನೇರವಾಗಿ ಹೇಳಿದಳು. ಒಂದು ತಪ್ಪು ಪದದಿಂದ ಮನುಷ್ಯ ಬೆಂದು ಹೋಗುತ್ತಿದ್ದ. ಅವಳದು ತಪ್ಪೇನೂ ಇರಲಿಲ್ಲ.

ಮ್ಯಾನೇಜರ್ ಹೊರಗಿನವರು. ಆ ಪದದ ಅರ್ಥವೇನು ಎಂದು ಕೇಳಿದರು. ಶ್ರೀಮಂತ ಬಾಯಿ ತೆರೆದ. ಅಷ್ಟರಲ್ಲಿ ಭಾವ ಮುಂದೆ ಬಂದರು. ಅರ್ಥ ಏನೂ ಇಲ್ಲ ಸಾರ್, ಹುಡುಗ ಅಂಜಿ ಬಾಯಿಗೆ ಬಂದದ್ದು ಅಂದಿದ್ದಾನೆ, ಇಂಥವನನ್ನು ಇಟ್ಟುಕೊಂಡರೆ ನಾಳೆ ನಮ್ಮ ತಲೆಗೆ ಬರುತ್ತದೆ, ಈ ತಿಂಗಳಿಗೇ ಕಾಂಟ್ರಾಕ್ಟ್ ಮುಗಿಸುವುದು ಒಳ್ಳೆಯದು ಅಂದರು. ಶ್ರೀಮಂತ ಬಾಯಿ ಮುಚ್ಚಿದ. ಹೆಲ್ಮೆಟ್ಟನ್ನು ಹೊಟ್ಟೆಗೆ ಒತ್ತಿ ಹಿಡಿದು, ಅದರ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ನಿಂತ. ನನ್ನ ಕಡೆ ನೋಡಲಿಲ್ಲ. ನೋಡಬಾರದು ಎಂದು ನಾನೇ ಕಲಿಸಿದ್ದೆ.

ಮಾತಾಡಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಸಂಜೆಯೊಳಗೆ ಶಹಾಪುರಕ್ಕೆ ಸುದ್ದಿ ಮುಟ್ಟುತ್ತದೆ. ಮಾತಾಡದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು.

"ಭಾವಾರ," ಅಂದೆ.

ಆಫೀಸಿನಲ್ಲಿ ನಾನು ಅವರನ್ನು ಎಂದೂ ಹಾಗೆ ಕರೆದಿರಲಿಲ್ಲ. ಅವರು ತಿರುಗಿದರು.

"ನಿಮ್ಮ ಅಂಗಡ್ಯಾಗ ಮೊದಲ್ನೇ ಅಳತಿಗೆ ಏನಂತಾರ್ರಿ?"

ಫ್ಯಾನ್ ತಿರುಗುತ್ತಿತ್ತು. ಮ್ಯಾನೇಜರ್ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದರು.

"ಅದು ಬ್ಯಾರೆ ಮಾತು," ಅಂದರು ಭಾವ.

"ಏನಂತಾರ್ರಿ?"

ಅವರು ಕೆಮ್ಮಿದರು. ಕೊನೆಗೆ ಅವರ ಬಾಯಿಂದಲೇ ಬಂತು. "ಲಾಭ ಅಂತಾರ."

ಉಳಿದದ್ದನ್ನು ನಾನು ಇಂಗ್ಲಿಷ್‌ನಲ್ಲಿ ಇನೆಸ್‌ಗೂ ಮ್ಯಾನೇಜರ್‌ಗೂ ತಿಳಿಸಿದೆ. ಅವನು ಅಂದದ್ದು ಅಂಕಿಯೇ. ಹುಟ್ಟಿದಾಗಿನಿಂದ ಕೇಳಿದ ಅಂಕಿ. ತಪ್ಪು ಅವನದೇ, ಆದರೆ ಅದು ತಲೆ ಕೆಟ್ಟವನ ತಪ್ಪಲ್ಲ. ಬಸ್ಸಿನಲ್ಲಿ ಅವನಿಗೆ ದಿನಾ ತಿದ್ದುತ್ತಿದ್ದವಳು ನಾನು. ನಡುವೆ ಬಿಟ್ಟವಳೂ ನಾನೇ. ಯಾಕೆ ಬಿಟ್ಟೆ ಎಂದು ಮ್ಯಾನೇಜರ್ ಕೇಳಲಿಲ್ಲ. ಭಾವನ ಮುಖ ನೋಡಿದ ಮೇಲೆ ಕೇಳುವುದು ಉಳಿದಿರಲಿಲ್ಲ.

ಶನಿವಾರ ಇನ್ನೊಂದು ಟ್ರಯಲ್ ಎಂದು ತೀರ್ಮಾನವಾಯಿತು. ಇನೆಸ್ ಒಪ್ಪಿದಳು. ಮೊದಲ ಅಂಕಿ ತಪ್ಪಿದರೆ ಕೆಲಸ ಹೋಯಿತು.

ಹೊರಗೆ ನೀರಿನ ಫಿಲ್ಟರ್ ಹತ್ತಿರ ಶ್ರೀಮಂತ ನನ್ನನ್ನು ತಡೆದ. ಥ್ಯಾಂಕ್ಸ್ ಅಂದಾನು ಅಂದುಕೊಂಡೆ. ಅವನು ಸಿಟ್ಟಿನಲ್ಲಿದ್ದ.

"ಯಾಕ ಮಾತಾಡಿದ್ರಿ? ನನಗ ಕೆಲಸ ಇನ್ನೊಂದು ಸಿಗ್ತಿತ್ತು. ನಿಮಗ ಮನಿ ಇನ್ನೊಂದು ಎಲ್ಲಿ ಸಿಗ್ತದ?"

ಅವನ ಕಣ್ಣಿನ ಅಂಚು ಕೆಂಪಾಗಿತ್ತು. ಹಬೆಯಿಂದಲೂ ಇರಬಹುದು. ಅವನು ಬೇಗನೆ ಹೋಗಿಬಿಟ್ಟ. ನಾನು ಲೋಟ ಹಿಡಿದುಕೊಂಡು ನಿಂತೆ. ಇನೆಸ್‌ಳ ಮಣಿಕಟ್ಟು ಹಿಡಿದಿದ್ದ ಆ ಕೈಯನ್ನು ನೋಡಿದೆ. ಅದು ನನ್ನದೇ ಕೈ.

* * *

ಯಾದಗಿರಿಯ ಬಾಡಿಗೆ ಮನೆಯಲ್ಲಿ ಅತ್ತೆ ಕಲ್ಯಾಣಮ್ಮ ನನ್ನ ಜೊತೆಗಿದ್ದರು. ಸೊಸೆಯನ್ನು ಒಬ್ಬಳನ್ನೇ ಊರಲ್ಲಿ ಬಿಡಬಾರದೆಂದು ಬಂದವರು. ನಾನು ಮನೆ ಮುಟ್ಟುವಷ್ಟರಲ್ಲಿ ಅವರ ಸೀರೆಗಳೆಲ್ಲ ಬ್ಯಾಗಿನೊಳಗಿದ್ದವು. ಭಾವ ಫೋನು ಮಾಡಿದ್ದರು.

ಅವರು ಅಳಲಿಲ್ಲ. ಚಹಾ ಮಾಡಿ ಕೊಟ್ಟರು. ಮರಿಲಿಂಗಪ್ಪ ಬಹಳ ನಿಯತ್ತಿನ ಮನುಷ್ಯ ಎಂದರು. ಅವನ ಅಳತೆಯಲ್ಲಿ ಒಂದು ಕಾಳು ಹೆಚ್ಚು ಕಡಿಮೆ ಆಗುತ್ತಿರಲಿಲ್ಲವಂತೆ. ಆದರೆ ಅವನು ಎಂದೂ ನಮ್ಮ ಕಟ್ಟೆ ದಾಟಿ ಒಳಗೆ ಬಂದವನಲ್ಲ, ಅವನ ಮಗ ಹೇಗೆ ಬರುತ್ತಾನೆ ಎಂದರು. ನಾನು, ಬರುವುದು ಅವನಲ್ಲ, ಹೋಗುವವಳು ನಾನು ಅಂದೆ. ಹಾಗೆ ಅಂದುಬಿಟ್ಟ ಮೇಲೆ ನನಗೇ ಗೊತ್ತಾಯಿತು, ಎಷ್ಟು ದೂರ ಬಂದಿದ್ದೇನೆ ಎಂದು. ಶ್ರೀಮಂತ ನನ್ನನ್ನು ಇನ್ನೂ ಏನೂ ಕೇಳಿರಲಿಲ್ಲ.

ಅತ್ತೆ ಕಪ್ಪು ಕೆಳಗಿಟ್ಟರು.

"ಮಲ್ಲಿನಾಥನ್ನ ಮರ್ತಿಯೇನ?"

"ಇಲ್ರೀ ಅತ್ತಿ."

"ಮತ್ತ?"

"ಮರ್ತಿದ್ರ ಇವತ್ತು ಅಷ್ಟು ಅಂಜತಿದ್ದಿಲ್ಲ. ಇನ್ನೊಬ್ಬಾಂವ ನನ್ನ ಕಣ್ಮುಂದ ಹೋಗೋದು ನೋಡ್ಕೋತ ನಿಂದ್ರಾಕ ನನಗ ಆಗಂಗಿಲ್ಲ."

ಅವರು ನನ್ನ ಮುಖ ನೋಡಿದರು. ಅವರೂ ಆ ಮಂಚದ ಪಕ್ಕ ನಿಂತವರೇ. ಒಂದು ಗಳಿಗೆ ಅವರ ಕೈ ನನ್ನ ಕಡೆ ಬರುತ್ತದೆ ಅನಿಸಿತು. ಬರಲಿಲ್ಲ. ಆ ಕೈ ಬ್ಯಾಗಿನ ಜಿಪ್ ಎಳೆಯಿತು.

"ಐತ್ವಾರ ನಿಮ್ಮ ಮಾವನ ಮುಂದ ಬಂದು ನಿಂದ್ರು. ತಪ್ಪಾತು ಅನ್ನು. ಎಲ್ಲಾ ಅಲ್ಲಿಗೇ ಮುಗೀತದ," ಅಂದರು. "ಬರಲಿಲ್ಲ ಅಂದ್ರ, ಮುಂದ ಯಾವತ್ತೂ ಬರಬ್ಯಾಡ."

ಶಹಾಪುರದ ಬಸ್ಸಿಗೆ ಅವರನ್ನು ನಾನೇ ಹತ್ತಿಸಿದೆ. ಕಿಟಕಿಯಿಂದ, ರಾತ್ರಿ ಬಾಗಿಲು ಸರಿಯಾಗಿ ಹಾಕಿಕೋ ಎಂದು ಹೇಳಿದರು.

* * *

ಶನಿವಾರ ಮತ್ತೆ ಅದೇ ಹಾಲು, ಅದೇ ಸದ್ದು. ಬಸ್ಸಿನಲ್ಲಿ ಶ್ರೀಮಂತ ನನ್ನ ಹತ್ತಿರ ಬಂದಿರಲಿಲ್ಲ. ಆ ವಾರವೆಲ್ಲ ಊಟದ ಬಿಡುವಿನಲ್ಲಿ ಅವನು ಕಬ್ಬಿಣದ ಮೆಟ್ಟಿಲನ್ನು ಹತ್ತಿ ಇಳಿಯುವುದನ್ನು ಮಾತ್ರ ದೂರದಿಂದ ನೋಡಿದ್ದೆ. ತುಟಿ ಆಡುತ್ತಿತ್ತು. ಇನೆಸ್ ಹೇಳಿದ ಉಪಾಯವಂತೆ. ಪ್ರತಿ ಮೆಟ್ಟಿಲಿಗೂ ಊನೋ ಅನ್ನಬೇಕು. ಮುಂದಿನ ಅಂಕಿಗೆ ಹೋಗಲೇಬಾರದು. ಉಸಿರು ಕಟ್ಟಿದಾಗಲೂ ಬಾಯಿಗೆ ಅದೇ ಬರುವಷ್ಟು ಹತ್ತಬೇಕು.

ವಾಕಿಟಾಕಿಯಲ್ಲಿ ಅವನ ಉಸಿರು ಕೇಳಿಸಿತು. ಭಾವ ಈ ಸಲ ಫೋನು ಹಿಡಿದಿರಲಿಲ್ಲ. ಕೈ ಕಟ್ಟಿಕೊಂಡು ಕಾಯುತ್ತಿದ್ದರು. ಇನೆಸ್ ಮುಚ್ಚಳದ ಮೇಲೆ ಬೆರಳಿಟ್ಟು, ಅಂಕಿ ಬರಲಿ ಎಂದು ನನ್ನ ಮುಖ ನೋಡುತ್ತಿದ್ದಳು.

ಬರಲಿಲ್ಲ.

ನಾನು ವಾಕಿಟಾಕಿಯನ್ನು ಬಾಯಿಗೆ ಹತ್ತಿರ ತಂದೆ. ನೆನಪಿಸಿದರೆ ಅವನ ಕೆಲಸ ಹೋಗುತ್ತದೆ. ನೆನಪಿಸದೆ ಸುಮ್ಮನಿದ್ದೆ. ಸುಮ್ಮನಿರುವುದು ಅಷ್ಟು ಕಷ್ಟ ಎಂದು ಗೊತ್ತಿರಲಿಲ್ಲ, ಅಷ್ಟು ಕಾಲ ಸುಮ್ಮನಿದ್ದು ಬಂದವಳಿಗೂ.

"ಊನೋ."

ಗಟ್ಟಿಯಾಗಿ, ಗಂಜಿನಲ್ಲಿ ರಾಶಿಯ ಆಚೆಗೂ ಕೇಳುವಂತೆ ಅಂದ.

"ಊನೋ," ಎಂದು ನಾನು ತಿರುಗಿ ಹೇಳಿದೆ. ಇನೆಸ್ ಎರಡು, ಮೂರನೆಯ ಲೈನುಗಳಿಗೆ ಹಬೆ ಬಿಟ್ಟಳು. ಮೀಟರಿನ ಮುಳ್ಳು ಏರಿತು. ಭಾವ ಹೊರಗೆ ನಡೆದರು.

* * *

ಅತ್ತೆ ಗಡುವು ಕೊಟ್ಟಿದ್ದ ಭಾನುವಾರ ಯಾದಗಿರಿಯಿಂದ ಸುರಪುರಕ್ಕೆ ಹೋಗುವ ಬಸ್ಸು ಹತ್ತಿದೆ. ಅದು ಶಹಾಪುರದ ಮೇಲೆಯೇ ಹೋಗುತ್ತದೆ. ಕಂಡಕ್ಟರ್‌ಗೆ ಶಹಾಪುರ ಅಂದು ಟಿಕೆಟ್ ತೆಗೆದುಕೊಂಡೆ. ಅಭ್ಯಾಸವೋ, ಧೈರ್ಯ ಸಾಲದೆಯೋ, ಹೇಳಲಾರೆ. ಭೀಮೆಯ ಸೇತುವೆ ದಾಟಿತು. ಕಾಲುವೆ ಬಂತು, ಭತ್ತದ ಗದ್ದೆ ಬಂತು. ತಪ್ಪಾಯಿತು ಎಂಬ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿದೆ. ಪದ ಇತ್ತು. ತಪ್ಪು ಯಾವುದು ಎಂದು ಸಿಗಲಿಲ್ಲ.

ಶಹಾಪುರದ ಸ್ಟ್ಯಾಂಡಿನಲ್ಲಿ ಜನ ಇಳಿದರು, ಹತ್ತಿದರು. ಗಂಜಿನ ಕಡೆ ಹೋಗುವ ರಸ್ತೆ ಕಿಟಕಿಯಿಂದಲೇ ಕಾಣುತ್ತಿತ್ತು.

"ಅಕ್ಕಾರ, ನಿಮ್ಮ ಶಹಾಪುರ ಬಂತ್ರಿ," ಅಂದ ಕಂಡಕ್ಟರ್.

ನಾನು ಏಳಲಿಲ್ಲ.

"ಮುಂದಿಂದು ಕೊಡ್ರಿ," ಅಂದೆ. "ಸುರಪುರಕ್ಕ."

ಬಸ್ಸು ಹೊರಟಿತು. ಆಗ ಅಳು ಬಂತು. ಮಲ್ಲಿನಾಥ ಹೋದಾಗ ಬಾರದೆ ನಿಂತಿದ್ದ ಅಳು. ಪಕ್ಕದ ಮುದುಕಿ ತನ್ನ ಸೆರಗು ಕೊಟ್ಟಳು.

ಸುರಪುರದಲ್ಲಿ ಅವನ ಓಣಿ ಕೇಳಿಕೊಂಡು ಹೋದೆ. ಬರುತ್ತೇನೆಂದು ಅವನಿಗೆ ಹೇಳಿರಲಿಲ್ಲ. ಹೇಳಿದ್ದರೆ ಬೇಡ ಅನ್ನುತ್ತಿದ್ದ. ಅವನ ಅವ್ವ ಶೇಖಮ್ಮ ಹೊಸ್ತಿಲ ಹತ್ತಿರ ಪುಂಡಿ ಸೊಪ್ಪು ಸೋಸುತ್ತಾ ಕೂತಿದ್ದರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ನಾನು ಯಾರೆಂದು ಹೇಳಬೇಕಾಗಲಿಲ್ಲ.

"ನಿಮ್ಮ ಮನ್ಯಾಗ ಗೊತ್ತೇನವ್ವಾ?"

"ಗೊತ್ತದರಿ. ಒಪ್ಪಿಲ್ಲ."

"ಮತ್ತ?"

"ಮತ್ತ ಬಂದೀನಿ."

ಅವರು ಕೈಯಲ್ಲಿದ್ದ ದಂಟಿನ ಎಲೆ ಬಿಡಿಸಿದರು. ನಾಳೆ ಗಂಜಿನಲ್ಲಿ ಗಂಡನಿಗೆ ಯಾರು ಏನೇನು ಅನ್ನುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದರೇನೋ. ಕುರ್ಚಿ ತರಲು ಎದ್ದರು. ಅರ್ಧಕ್ಕೆ ನಿಂತರು. ತಿರುಗಿ ಬಂದು ಸೊಪ್ಪಿನ ಮೊರವನ್ನು ನನ್ನ ಕಡೆ ಸರಿಸಿದರು.

"ಕೈ ಖಾಲಿ ಅದಾವಲ್ಲ, ಇದಿಷ್ಟು ಸೋಸು. ನಾ ಒಲಿ ಹಚ್ತೀನಿ," ಎಂದು ಒಳಗೆ ಹೋದರು. ಒಳಗಿನಿಂದ ಮಗನನ್ನು ಕರೆದರು. ನಿನ್ನ ಮೇಡಂ ಬಂದಾಳ ನೋಡು ಅಂದರು, ಜೋರಾಗಿ, ಓಣಿಗೆಲ್ಲ ಕೇಳುವಂತೆ.

ಶ್ರೀಮಂತ ಬಂದ. ಬನಿಯನ್ನಿನಲ್ಲಿದ್ದವನು ನನ್ನನ್ನು ಕಂಡು ಒಳಗೆ ಓಡಿ, ಅಂಗಿ ತೊಟ್ಟು, ಗುಂಡಿ ತಪ್ಪಾಗಿ ಹಾಕಿಕೊಂಡು ಮತ್ತೆ ಬಂದ. ಎದುರಿಗೆ ನೆಲದ ಮೇಲೆ ಕೂತ. ಏನು ಕೇಳಬೇಕೆಂದು ತಿಳಿಯದೆ ಒಂದು ಹಿಡಿ ಸೊಪ್ಪು ತನ್ನ ಕಡೆ ಎಳೆದುಕೊಂಡ. ನಾವಿಬ್ಬರೂ ಎಲೆ ಬಿಡಿಸುತ್ತಾ ಹೋದೆವು. ಅವನ ಬೆರಳು ನನ್ನ ಬೆರಳಿನ ಹತ್ತಿರ ಬಂದು ನಿಲ್ಲುತ್ತಿತ್ತು, ಬೇರೆ ಎಲೆ ಹುಡುಕಿಕೊಂಡು ಹೋಗುತ್ತಿತ್ತು.

"ಶಹಾಪುರದಾಗ ಇಳೀಲಿಲ್ಲೇನ್ರಿ?" ಅಂದ ಕೊನೆಗೆ.

"ಇಲ್ಲ."

"ಇನ್ನ ಮ್ಯಾಲ?"

"ಇನ್ನ ಮ್ಯಾಲೂ ಇಲ್ಲ. ನೀವು ಬ್ಯಾಡ ಅಂದ್ರ ಯಾದಗಿರಿಗೆ ಹೋಗಿ ಒಬ್ಬಾಕಿನ ಇರ್ತೀನಿ. ಅದು ನನಗ ರೂಢಿ ಅದ."

ಅವನು ತಲೆ ಎತ್ತಿದ. ಬಸ್ಸಿನಲ್ಲಿ ತುಟಿಯ ಮೂಲೆಯಲ್ಲಿ ತಡೆದು ಹಿಡಿದದ್ದನ್ನು ಈಗ ತಡೆಯಲಿಲ್ಲ. ಅದು ನಗೆಯೂ ಹೌದು, ಸಂಕಟವೂ ಹೌದು.

"ಬ್ಯಾಡ ಅಂತ ಯಾವಾಗ ಅಂದೀನಿ, ಉಮಾ," ಅಂದ. ರೀ ಇಲ್ಲ, ಮೇಡಂ ಇಲ್ಲ. ಅಂದುಬಿಟ್ಟು ತಾನೇ ಬೆಚ್ಚಿದ. ಆಮೇಲೆ ಮೊರದೊಳಗೆ ನೋಡಿ ಹುಬ್ಬು ಗಂಟಿಕ್ಕಿದ.

"ಹುಳ ತಿಂದ ಎಲಿ ಯಾಕ ಒಳ್ಳೇದ್ರಾಗ ಹಾಕಾಕತ್ತಿ?"

"ನಿನ್ನ ಮಾರಿ ನೋಡಾಕತ್ತಿದ್ದೆ," ಅಂದೆ.